ಉತ್ತರ ಬ್ಯಾಟರ್ಸಿಯ ಮತಗಣನೆ

ಲಂಡನ್ ನಗರದ ಭೂಪಟದಲ್ಲಿ ಬ್ಯಾಟರ್ಸಿ ಎಂಬ ಹೆಸರು ಇಂದಿಗೂ ಇದೆ. ಆದರೆ ಉತ್ತರ ಬ್ಯಾಟರ್ಸಿ ಎಂಬ ಪಾರ್ಲಿಮೆಂಟಿನ ಮತಕ್ಷೇತ್ರವನ್ನು ಈಗ ಎಲ್ಲಿಯೂ ಕಾಣಲಾಗದು. ೧೯೧೮ರಲ್ಲಿ ಹುಟ್ಟಿದ ಆ ಕ್ಷೇತ್ರ ೧೯೮೩ರಲ್ಲಿ, ಗಡಿಗಳನ್ನು ಹೊಸದಾಗಿ ಎಳೆದಾಗ, ಅಳಿಸಿಹೋಯಿತು. ಅರುವತ್ತೈದು ವರ್ಷಗಳ ಆಯುಸ್ಸು. ಮತಕ್ಷೇತ್ರವೊಂದಕ್ಕೆ ಇದು ಹೆಚ್ಚೇನೂ ಅಲ್ಲ. ಭಾರತೀಯರಾದ ನಮಗೆ ಅದರ ನೆನಪು ಉಳಿದಿರುವುದು ಒಬ್ಬ ವ್ಯಕ್ತಿಯಿಂದ. ಮುಂಬಯಿಯ ಪಾರಸಿ, ಟಾಟಾ ಮನೆತನದ ನಂಟ, ಕಮ್ಯುನಿಸ್ಟ್ ಮತಾವಲಂಬಿ ಶಾಪುರ್ಜಿ ಸಕ್ಲಾತ್‌ವಾಲಾ ಅವರು ೧೯೨೨ರಲ್ಲಿ ಒಮ್ಮೆ, ೧೯೨೪ರಲ್ಲಿ ಮತ್ತೊಮ್ಮೆ ಅಲ್ಲಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿಬಂದರು. ಭಾರತವನ್ನು ಆಳುತ್ತಿದ್ದ ದೇಶದ ರಾಜಧಾನಿಯಲ್ಲಿಯೇ, ಆ ಆಳ್ವಿಕೆ ಕೊನೆಗೊಳ್ಳಬೇಕೆಂದು ಸಾರಿದ ಭಾರತೀಯನೊಬ್ಬನಿಗೆ ಇಂಗ್ಲಿಷ್ ಕಾರ್ಮಿಕರು ಮತ ನೀಡಿದರು. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಪಡಬಾರದೆಂದಲ್ಲ. ಆದರೆ ಆ ಕ್ಷೇತ್ರದ ಚುನಾವಣೆಯ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಒಬ್ಬ ಧೀರನ ಕಥೆಯ ಒಳಗೆ ಇನ್ನೊಂದು ಕಥೆ ಅಡಗಿರುವುದು ತಿಳಿಯುತ್ತದೆ. ಅದು ಮತಗಳನ್ನು ಕೂಡಿಸಿಕೊಟ್ಟ ಸಂಘಟನೆಯೊಂದರ ಕಥೆ. ಅದು ಒಡೆದಾಗ ಏನಾಯಿತೆಂಬುದರ ಕಥೆ.

ಮೊದಲು ಸ್ಥಳವನ್ನು ಪರಿಚಯ ಮಾಡಿಕೊಳ್ಳೋಣ. ಬ್ಯಾಟರ್ಸಿ ಇರುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ತರಕಾರಿ ತೋಟಗಳ ಊರು. ಲಂಡನ್ನಿನ ಶ್ರೀಮಂತರ ಊಟಕ್ಕೆ ಬೇಕಾದ ಎಳೆಯ ಆಸ್ಪರಾಗಸ್ ಕಟ್ಟುಗಳು ಅಲ್ಲಿಂದ ಹೋಗುತ್ತಿದ್ದವು. ೧೮೩೮ರಲ್ಲಿ ನೈನ್ ಎಲ್ಮ್ಸ್ ಎಂಬಲ್ಲಿಗೆ ರೈಲು ಬಂದಿತು. ಅನಂತರ ಒಂದರ ಮೇಲೊಂದು ರೈಲುಹಾದಿ ಆ ತೋಟಗಳನ್ನು ಸೀಳಿಕೊಂಡು ಹೋದವು. ನದಿಯ ಅಂಚಿನ ತಗ್ಗು ಭೂಮಿಯಲ್ಲಿ ಪ್ರೈಸ್ ಕಂಪೆನಿಯ ಮೇಣದಬತ್ತಿಯ ಕಾರ್ಖಾನೆ, ಲೋಹ ಕರಗಿಸುವ ಮೂಸೆಗಳನ್ನು ಮಾಡುವ ಮಾರ್ಗನ್ ಸಹೋದರರ ಕಾರ್ಖಾನೆ, ಅನಿಲದ ಕಾರ್ಖಾನೆ, ಹಿಟ್ಟಿನ ಗಿರಣಿ ಇವೆಲ್ಲ ಎದ್ದುವು. ಇವುಗಳ ನಡುವೆ, ಹೊಗೆಯಲ್ಲಿ, ಕೆಲಸಗಾರರ ಸಾಲುಮನೆಗಳು. ದಕ್ಷಿಣಕ್ಕೆ ನೆಲ ಏರುತ್ತ ಹೋದಂತೆ ಗಾಳಿ ಸ್ವಚ್ಛವಾಗುತ್ತದೆ, ಬಾಡಿಗೆ ಹೆಚ್ಚುತ್ತದೆ. ಅಲ್ಲಿ ಗುಮಾಸ್ತರು, ವ್ಯಾಪಾರಿಗಳು, ಮಧ್ಯಮ ವರ್ಗದವರು ನೆಲಸಿದರು. ಉತ್ತರಕ್ಕೂ ದಕ್ಷಿಣಕ್ಕೂ ಇದ್ದ ಈ ಅಂತರ ಮುಂದಿನ ಚುನಾವಣೆಗಳನ್ನು ಅರ್ಥ ಮಾಡಿಕೊಳ್ಳಲು ಅಗತ್ಯ.

೧೮೮೫ರಲ್ಲಿ ಬ್ಯಾಟರ್ಸಿಗೆ ಪ್ರತ್ಯೇಕ ಪ್ರತಿನಿಧಿ ದೊರೆತಾಗ ಆರಿಸಿಬಂದವರು ಆಕ್ಟೇವಿಯಸ್ ವಾನ್ ಮಾರ್ಗನ್, ಅದೇ ಮೂಸೆಗಳ ಕಾರ್ಖಾನೆಯ ಒಡೆಯರಲ್ಲಿ ಒಬ್ಬರು, ಲಿಬರಲ್ ಪಕ್ಷದವರು. ಏಳು ವರ್ಷಗಳ ಬಳಿಕ, ೧೮೯೨ರಲ್ಲಿ, ಕಾರ್ಖಾನೆಯ ಒಡೆಯನ ಸ್ಥಾನಕ್ಕೆ ಕಾರ್ಖಾನೆಯ ಕೆಲಸಗಾರ ಬಂದ. ಅವರೇ ಜಾನ್ ಬರ್ನ್ಸ್. ೧೮೮೯ರಲ್ಲಿ ಲಂಡನ್ ಬಂದರಿನ ಕೂಲಿಗಳು ಹೂಡಿದ ಮಹಾ ಮುಷ್ಕರದ ನಾಯಕರಲ್ಲಿ ಅವರೊಬ್ಬರು. ಆ ಕಾಲದಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಸಂಬಳವಿರಲಿಲ್ಲ. ಅದು ಬಂದದ್ದು ೧೯೧೧ರಲ್ಲಿ. ಆದುದರಿಂದ ಬರ್ನ್ಸ್ ಅವರ ಜೀವನ ನಿರ್ವಹಣೆಗೆಂದು ಕೆಲಸಗಾರರೇ ಒಂದು ನಿಧಿ ಕೂಡಿಸಿದರು. ಪ್ರತಿನಿಧಿ ಎಂಬ ಮಾತಿಗೆ ಅಲ್ಲಿ ಇದ್ದ ಅರ್ಥ ಅಕ್ಷರಶಃ ಇಂಥದು: ನಾವು ಕಳುಹಿಸಿದವನು, ನಾವು ಅನ್ನ ಹಾಕುವವನು.

ಬೋಯರ್ ಯುದ್ಧದ ಕಾಲದಲ್ಲಿ ಇಂಗ್ಲೆಂಡೆಲ್ಲ ಯುದ್ಧೋತ್ಸಾಹದಲ್ಲಿ ಮುಳುಗಿದ್ದಾಗ ಬ್ಯಾಟರ್ಸಿಯಲ್ಲಿ ಯುದ್ಧವಿರೋಧಿ ಸಭೆಗಳು ನಡೆದುವು. ೧೯೦೦ದ ಚುನಾವಣೆಯಲ್ಲಿ ಬರ್ನ್ಸ್ ಅಲ್ಪ ಅಂತರದಿಂದ ಉಳಿದುಕೊಂಡರು. ಅಲ್ಲಿಯ ಪುರಸಭೆ ೧೯೦೩ರಲ್ಲಿ ಲ್ಯಾಚ್‌ಮೀರ್ ಎಂಬ ಬಡಾವಣೆಯನ್ನು ಗುತ್ತಿಗೆದಾರರ ಹಂಗಿಲ್ಲದೆ ತನ್ನ ಕೆಲಸಗಾರರಿಂದಲೇ ಕಟ್ಟಿಸಿತು; ಅದರ ಒಂದು ಬೀದಿಗೆ ಇಟ್ಟ ಹೆಸರು ಜೂಬೆರ್. ಅದು ಬ್ರಿಟಿಷ್ ಸೈನ್ಯದೊಡನೆ ಹೋರಾಡಿದ ಬೋಯರ್ ಸೇನಾಪತಿಯ ಹೆಸರು! ಇನ್ನೊಂದು ಬೀದಿಗೆ ಸುಧಾರಣೆಯ ಹೆಸರು, ಮತ್ತೊಂದಕ್ಕೆ ಸ್ವಾತಂತ್ರ್ಯದ ಹೆಸರು. ಇಂಥ ಊರಿನ ಜನ ೧೯೨೨ರಲ್ಲಿ ಸಾಮ್ರಾಜ್ಯದ ವಿರೋಧಿಯೊಬ್ಬನನ್ನು ಆರಿಸಿದರೆಂದು ಬೆರಗಾಗುವವರು ಈ ಬೀದಿಯ ಹೆಸರುಗಳನ್ನು ಮೊದಲು ಓದಬೇಕು.

ಬರ್ನ್ಸ್ ೧೯೦೫ರಲ್ಲಿ ಮಂತ್ರಿಯಾದರು. ದುಡಿಯುವ ವರ್ಗದಲ್ಲಿ ಹುಟ್ಟಿ ಬ್ರಿಟಿಷ್ ಮಂತ್ರಿಮಂಡಲದ ಒಳವಲಯಕ್ಕೆ ಸೇರಿದವರಲ್ಲಿ ಅವರೇ ಮೊದಲಿಗರು. ೧೯೧೪ರ ಆಗಸ್ಟಿನಲ್ಲಿ ಯುದ್ಧ ಸಾರಿದಾಗ ಅವರು ರಾಜೀನಾಮೆಯಿತ್ತು ಹೊರಬಂದರು; ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅಧಿಕಾರಕ್ಕೆ ಹೋದ ಮೇಲೆ ಅವರು ಹಳೆಯ ಜೊತೆಗಾರರಿಂದ ದೂರವಾಗಿದ್ದುದು ನಿಜ. ಆದರೂ ಹೊರಬಂದ ಆ ಒಂದು ಗಳಿಗೆಯಲ್ಲಿ ಅವರು ಬ್ಯಾಟರ್ಸಿಯವರೇ ಆಗಿದ್ದರೆನ್ನಬೇಕು.

೧೯೧೮ರ ಶಾಸನ ಇಪ್ಪತ್ತೊಂದು ವರ್ಷ ತುಂಬಿದ ಗಂಡಸರಿಗೂ, ಕೆಲವು ನಿಬಂಧನೆಗಳೊಡನೆ ಮೂವತ್ತು ದಾಟಿದ ಹೆಂಗಸರಿಗೂ ಮತದ ಹಕ್ಕು ಕೊಟ್ಟಿತು. ಅದೇ ಶಾಸನ ಬ್ಯಾಟರ್ಸಿಯನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿತು. ಕಾರ್ಖಾನೆಗಳೂ ಸಾಲುಮನೆಗಳೂ ಉತ್ತರದ ಪಾಲಿಗೆ ಬಂದವು. ಹೊಸ ಕ್ಷೇತ್ರದ ಮೊದಲ ಚುನಾವಣೆಗೆ ಲೇಬರ್ ಪಕ್ಷ ನಿಲ್ಲಿಸಿದ್ದು ಎಪ್ಪತ್ತನಾಲ್ಕು ವರ್ಷದ ಒಬ್ಬ ವೃದ್ಧೆಯನ್ನು, ಷಾರ್ಲಟ್ ಡೆಸ್ಪಾರ್ಡ್ ಅವರನ್ನು. ಹೆಂಗಸರು ಪಾರ್ಲಿಮೆಂಟಿಗೆ ನಿಲ್ಲಬಹುದೆಂದಾದ ಮೊತ್ತಮೊದಲ ಚುನಾವಣೆ ಅದು. ಆಕೆ ಸ್ಥಿತಿವಂತ ಮನೆತನದವರು. ಗಂಡ ತೀರಿಕೊಂಡ ಮೇಲೆ ನೈನ್ ಎಲ್ಮ್ಸ್‌ನ ಬಡವರ ಬೀದಿಯಲ್ಲಿ ಮನೆ ಮಾಡಿ, ಮಕ್ಕಳಿಗೆ ಚಿಕಿತ್ಸಾಲಯ ನಡೆಸಿ, ಸ್ತ್ರೀಯರ ಮತದ ಹಕ್ಕಿಗಾಗಿ ಸೆರೆಮನೆ ಕಂಡವರು. ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. ಅವರ ಒಡಹುಟ್ಟಿದ ತಮ್ಮನೇ ಯುದ್ಧದ ಮೊದಲ ವರ್ಷಗಳಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಸೈನ್ಯದ ದಂಡನಾಯಕ, ಫೀಲ್ಡ್ ಮಾರ್ಷಲ್ ಫ್ರೆಂಚ್! ಯುದ್ಧ ಗೆದ್ದ ಉನ್ಮಾದದ ಆ ಡಿಸೆಂಬರಿನಲ್ಲಿ ಶಾಂತಿವಾದಿಯೊಬ್ಬರು ಗೆಲ್ಲುವ ಮಾತೇ ಇರಲಿಲ್ಲ. ಲಾಯ್ಡ್ ಜಾರ್ಜರ ಸಮ್ಮಿಶ್ರ ಸರ್ಕಾರದ ಕಡೆಯ ಲಿಬರಲ್ ರಿಚರ್ಡ್ ಮಾರಿಸ್ ಸುಲಭವಾಗಿ ಗೆದ್ದರು. ಆದರೆ ಡೆಸ್ಪಾರ್ಡ್ ಅವರಿಗೆ ಬಿದ್ದ ಮತಗಳು ಸುಮಾರು ಮೂರನೆಯ ಒಂದು ಪಾಲು. ಆ ವರ್ಷದಲ್ಲಿ ಅಷ್ಟು ಬಂದುದೇ ಮುಂದಿನದಕ್ಕೆ ಮುನ್ಸೂಚನೆ.

ಇಲ್ಲಿ ಇನ್ನೊಬ್ಬರ ಪ್ರವೇಶವಾಗಬೇಕು. ನಮ್ಮ ಪತ್ರಿಕೆಗಳಲ್ಲಿ ಅವರ ಹೆಸರು ಹೆಚ್ಚಾಗಿ ಬಂದಿಲ್ಲ. ಸಕ್ಲಾತ್‌ವಾಲಾ ಅವರ ಕಥೆ ಹೇಳುವವರು ಅವರನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಇತಿಹಾಸದಲ್ಲಿ ಅತ್ಯಂತ ಮುಖ್ಯ ವ್ಯಕ್ತಿ ಅವರೇ. ಹೆಸರು ಜಾನ್ ಆರ್ಚರ್. ಲಿವರ್‌ಪೂಲಿನಲ್ಲಿ ೧೮೬೩ರಲ್ಲಿ ಜನನ; ತಂದೆ ಬಾರ್ಬಡೋಸ್ ದ್ವೀಪದವರು, ತಾಯಿ ಐರಿಷ್ ಮಹಿಳೆ. ಬ್ಯಾಟರ್ಸಿಯಲ್ಲಿ ಛಾಯಾಚಿತ್ರದ ಅಂಗಡಿ ಇಟ್ಟುಕೊಂಡಿದ್ದರು. ೧೯೦೬ರಲ್ಲಿ ಪುರಸಭೆಯ ಸದಸ್ಯರಾದರು. ೧೯೧೩ರಲ್ಲಿ ಒಂದೇ ಒಂದು ಮತದ ಅಂತರದಿಂದ ಬ್ಯಾಟರ್ಸಿಯ ಮೇಯರ್ ಆದರು. ಲಂಡನ್ನಿನಲ್ಲಿ ಆ ಗದ್ದುಗೆ ಏರಿದ ಮೊದಲ ಕಪ್ಪು ಜನಾಂಗದವರು. ಯುದ್ಧದ ಬಳಿಕ ಆಫ್ರಿಕನ್ ಪ್ರೋಗ್ರೆಸ್ ಯೂನಿಯನ್ ಎಂಬ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಚುನಾವಣೆ ನಡೆಸುವ ಕಲೆಯಲ್ಲಿ ಪಳಗಿದ ಕೈ. ಮತದಾರರ ಪಟ್ಟಿಯನ್ನು ಹಿಡಿದು ಮನೆಯಿಂದ ಮನೆಗೆ ಕಾರ್ಯಕರ್ತರನ್ನು ಕಳುಹಿಸುವುದು, ಯಾರು ನಮ್ಮವರು ಯಾರು ಅನುಮಾನದವರು ಎಂದು ಗುರುತು ಹಾಕುವುದು, ಮತದಾನದ ಸಂಜೆ ಕೆಲಸದಿಂದ ದಣಿದು ಬಂದವರನ್ನು ಮತಗಟ್ಟೆಗೆ ಕರೆತರುವುದು: ಏಜೆಂಟನೆಂಬವನ ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗೆಲುವು ಹುಟ್ಟುವುದು ಮಾತ್ರ ಅಲ್ಲಿ.

ಆರ್ಚರ್ ಅವರ ಹಿಂದೆ ಇದ್ದುದು ಬ್ಯಾಟರ್ಸಿಯ ಟ್ರೇಡ್ಸ್ ಕೌನ್ಸಿಲ್ ಮತ್ತು ಲೇಬರ್ ಪಕ್ಷ ಎಂಬ ಜಂಟಿ ಸಂಘಟನೆ. ಊರಿನ ಕಾರ್ಮಿಕ ಸಂಘಗಳ ಶಾಖೆಗಳೆಲ್ಲ ಸೇರಿ ಮಾಡಿಕೊಂಡ ಒಕ್ಕೂಟ ಅದು. ಸಮಾಜವಾದಿಗಳು, ಕಮ್ಯುನಿಸ್ಟರು, ಕೇವಲ ಸಂಬಳದ ಮಾತಾಡುವ ಸಂಘದವರು, ಐರಿಷ್ ವಲಸೆಗಾರರು ಎಲ್ಲರೂ ಒಂದೇ ಸೂರಿನ ಕೆಳಗೆ ಜಗಳವಾಡಿಕೊಂಡು ಕೂಡಿ ಬಾಳುತ್ತಿದ್ದರು. ೧೯೨೨ರ ಚುನಾವಣೆಗೆ ಈ ಒಕ್ಕೂಟ ಆರಿಸಿಕೊಂಡ ಉಮೇದುವಾರರೇ ಸಕ್ಲಾತ್‌ವಾಲಾ.

ಅವರು ೧೮೭೪ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು. ತಾಯಿ ಜೇರಬಾಯಿ, ಜೆಮ್‌ಸೆಟ್‌ಜಿ ಟಾಟಾ ಅವರ ಸೋದರಿ. ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆಗೆ ಸಂಪತ್ತನ್ನು ಮುಡಿಪಿಟ್ಟ ಜೆಮ್‌ಸೆಟ್‌ಜಿ ಅವರೇ ಈ ಸೋದರಮಾವ. ಯುವಕರಾಗಿದ್ದಾಗ ಮುಂಬಯಿಯ ಪ್ಲೇಗಿನ ದಿನಗಳಲ್ಲಿ ಪರಿಹಾರ ಕಾರ್ಯ ಮಾಡಿ ಬಡವರ ಕೇರಿಗಳನ್ನು ಒಳಹೊಕ್ಕು ಕಂಡರು. ಟಾಟಾ ಅವರ ಉಕ್ಕಿನ ಕಾರ್ಖಾನೆಗಾಗಿ ಕಾಡುಗಳಲ್ಲಿ ಅದಿರು ಹುಡುಕುತ್ತ ಅಲೆದರು. ೧೯೦೫ರಲ್ಲಿ ಇಂಗ್ಲೆಂಡಿಗೆ ಹೋದವರು ಅಲ್ಲಿ ಸಾರಾ ಮಾರ್ಷ್ ಎಂಬ, ಊಟದ ಮನೆಯೊಂದರಲ್ಲಿ ಬಡಿಸುವ ಕೆಲಸದಲ್ಲಿದ್ದ ಹೆಣ್ಣನ್ನು ೧೯೦೭ರಲ್ಲಿ ಮದುವೆಯಾಗಿ ನೆಲಸಿದರು. ೧೯೨೧ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಆ ಕಾಲದಲ್ಲಿ ಒಬ್ಬನೇ ಮನುಷ್ಯ ಕಮ್ಯುನಿಸ್ಟ್ ಪಕ್ಷದ ಸದಸ್ಯನೂ ಲೇಬರ್ ಪಕ್ಷದ ಉಮೇದುವಾರನೂ ಆಗಿರಲು ಸಾಧ್ಯವಿತ್ತು. ಆ ಬಾಗಿಲು ಆಗ ಇನ್ನೂ ಮುಚ್ಚಿರಲಿಲ್ಲ.

ಈಗ ಅಂಕಿಗಳಿಗೆ ಬರೋಣ. ೧೯೨೨ರ ನವೆಂಬರಿನಲ್ಲಿ ಸಕ್ಲಾತ್‌ವಾಲಾ ಅವರಿಗೆ ಬಂದ ಮತ ೧೧,೩೧೧. ಲಾಯ್ಡ್ ಜಾರ್ಜರ ಕಡೆಯ ಲಿಬರಲ್ ಹೆನ್ರಿ ಹಾಗ್ಬಿನ್‌ಗೆ ೯,೨೯೦. ಆಗ ಲಿಬರಲ್ ಪಕ್ಷ ಎರಡು ಬಣವಾಗಿತ್ತು. ಇನ್ನೊಂದು ಬಣದವರು ೧,೭೫೬ ಮತ ಪಡೆದರು. ಎದುರಾಳಿಗಳು ಒಡೆದುದರಿಂದ ಸಕ್ಲಾತ್‌ವಾಲಾ ಗೆದ್ದರೆಂದು ಹೇಳುವವರುಂಟು. ಕೂಡಿಸಿ ನೋಡಿದರೆ ಆ ಮಾತು ನಿಲ್ಲದು: ಇಬ್ಬರೂ ಎದುರಾಳಿಗಳ ಮತ ಸೇರಿದರೂ ೧೧,೦೪೬. ಅರ್ಧಕ್ಕಿಂತ ಹೆಚ್ಚಿನ ಮತದಿಂದಲೇ ಅವರು ಗೆದ್ದಿದ್ದರು. ೧೮೯೨ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ದಾದಾಭಾಯಿ ನವರೋಜಿ ಬೆರಳೆಣಿಕೆಯ ಮತಗಳ ಅಂತರದಿಂದ ಲಿಬರಲ್ ಸದಸ್ಯರಾಗಿದ್ದರು. ೧೮೯೫ರಲ್ಲಿ ಬೆತ್ನಲ್ ಗ್ರೀನ್‌ನಿಂದ ಮಂಚರ್ಜಿ ಭಾವನಗರಿ ಕನ್ಸರ್ವೇಟಿವ್ ಸದಸ್ಯರಾಗಿದ್ದರು. ಮೂವರೂ ಮುಂಬಯಿಯ ಪಾರಸಿಗಳು, ಮೂವರದೂ ಲಂಡನ್ನಿನ ದುಡಿಮೆಗಾರರ ಕ್ಷೇತ್ರ, ಮೂವರದೂ ಬೇರೆ ಬೇರೆ ಪಕ್ಷ. ಇದು ವಿನೋದದ ಸಂಗತಿಯಾಗಿ ಕಂಡರೂ ಯೋಚಿಸತಕ್ಕದ್ದು.

ಒಂದೇ ವರ್ಷದಲ್ಲಿ, ೧೯೨೩ರ ಡಿಸೆಂಬರಿನಲ್ಲಿ, ಮತ್ತೆ ಚುನಾವಣೆ. ಪ್ರಧಾನಿ ಬಾಲ್ಡ್ವಿನ್ ಆಮದು ಸುಂಕ ಹಾಕಬೇಕೆಂದರು. ಮುಕ್ತ ವ್ಯಾಪಾರದ ಹೆಸರಿನಲ್ಲಿ ಲಿಬರಲರ ಎರಡು ಬಣಗಳೂ ಒಂದಾದವು. ಬ್ಯಾಟರ್ಸಿಯಲ್ಲಿ ನೇರ ಸ್ಪರ್ಧೆ. ಹಾಗ್ಬಿನ್ ೧೨,೫೨೭; ಸಕ್ಲಾತ್‌ವಾಲಾ ೧೨,೩೪೧. ಹಿಂದಿನ ಸಲ ಗೆದ್ದಾಗ ಬಂದುದಕ್ಕಿಂತ ಸಾವಿರಕ್ಕೂ ಹೆಚ್ಚು ಮತ ಬಂದರೂ ಅವರು ೧೮೬ ಮತಗಳಿಂದ ಸೋತರು. ಯಾರಿಗೆ ಒಂದು ಮತ ಹೆಚ್ಚೋ ಅವನೇ ಗೆದ್ದವನು, ಉಳಿದ ಮತಗಳೆಲ್ಲ ಗಾಳಿಗೆ ಎಂಬ ಈ ಪದ್ಧತಿಯನ್ನು ನಾವೂ ಬ್ರಿಟನ್ನಿನಿಂದಲೇ ಪಡೆದುಕೊಂಡೆವು. ಆದುದರಿಂದ ಇಂಥ ವಿಚಿತ್ರ ನಮಗೆ ಹೊಸದಲ್ಲ.

ಮತ್ತೊಂದು ವರ್ಷಕ್ಕೆ, ೧೯೨೪ರ ಅಕ್ಟೋಬರಿನಲ್ಲಿ, ಮೂರನೆಯ ಚುನಾವಣೆ. ಈ ಸಲದ ವಾತಾವರಣವೇ ಬೇರೆ. ಮ್ಯಾಕ್‌ಡೊನಾಲ್ಡರ ಮೊದಲ ಲೇಬರ್ ಸರ್ಕಾರ ಬಿದ್ದುದು ಕಮ್ಯುನಿಸ್ಟ್ ಪತ್ರಿಕೆಯ ಸಂಪಾದಕನೊಬ್ಬನ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಹಿಂತೆಗೆದುಕೊಂಡ ವಿಷಯದಲ್ಲಿ. ಮತದಾನಕ್ಕೆ ನಾಲ್ಕು ದಿನ ಇರುವಾಗ ರಷ್ಯದ ಜಿನೋವಿಯೆವ್ ಬರೆದರೆನ್ನಲಾದ ಕಾಗದವೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದು ಖೋಟಾ ಎಂದು ಇತಿಹಾಸಕಾರರು ಅನಂತರ ಬಹುಮಟ್ಟಿಗೆ ಒಪ್ಪಿದ್ದಾರೆ. ಅದೇ ತಿಂಗಳಲ್ಲಿ ಲೇಬರ್ ಪಕ್ಷದ ಸಮ್ಮೇಳನ, ಕಮ್ಯುನಿಸ್ಟರನ್ನು ಪಕ್ಷದ ಉಮೇದುವಾರರಾಗಿ ಒಪ್ಪಲಾಗದೆಂದು ನಿರ್ಣಯಿಸಿತ್ತು. ಸಕ್ಲಾತ್‌ವಾಲಾ ಕಮ್ಯುನಿಸ್ಟ್ ಎಂಬ ಹೆಸರಿನಲ್ಲೇ ನಿಂತರು. ಹಾಗ್ಬಿನ್ ಅವರು ಲಿಬರಲ್ ಹೆಸರನ್ನು ಬಿಟ್ಟು ಕನ್ಸರ್ವೇಟಿವರ ಬೆಂಬಲದಿಂದ ‘ಕಾನ್ಸ್ಟಿಟ್ಯೂಷನಲಿಸ್ಟ್’, ಎಂದರೆ ರಾಜ್ಯಾಂಗವಾದಿ, ಎಂಬ ಹೊಸ ಹಣೆಪಟ್ಟಿ ಹಚ್ಚಿಕೊಂಡರು. ಆ ವರ್ಷ ಅದೇ ಹಣೆಪಟ್ಟಿ ಹಚ್ಚಿಕೊಂಡ ಇನ್ನೊಬ್ಬರು ಎಪ್ಪಿಂಗ್‌ನಲ್ಲಿ ಗೆದ್ದ ವಿನ್ಸ್ಟನ್ ಚರ್ಚಿಲ್.

ಇಷ್ಟೆಲ್ಲ ಪ್ರತಿಕೂಲಗಳ ನಡುವೆ ಬಂದ ಫಲಿತಾಂಶ ಇದು: ಸಕ್ಲಾತ್‌ವಾಲಾ ೧೫,೦೯೬, ಹಾಗ್ಬಿನ್ ೧೪,೫೫೪. ಅಂತರ ೫೪೨. ಒಂದು ವರ್ಷದಲ್ಲಿ ಇಬ್ಬರ ಮತಗಳೂ ಏರಿದ್ದವು; ಹಾಗ್ಬಿನ್‌ಗೆ ೨,೦೨೭ ಹೆಚ್ಚಾದರೆ ಸಕ್ಲಾತ್‌ವಾಲಾಗೆ ೨,೭೫೫ ಹೆಚ್ಚಾಗಿದ್ದವು. ದೇಶವೆಲ್ಲ ಕೆಂಪು ಬಣ್ಣಕ್ಕೆ ಹೆದರಿ ಕನ್ಸರ್ವೇಟಿವರನ್ನು ಗದ್ದುಗೆಗೇರಿಸಿದ ಚುನಾವಣೆಯಲ್ಲಿ ಇಡೀ ಬ್ರಿಟನ್ನಿನಿಂದ ಗೆದ್ದುಬಂದ ಏಕೈಕ ಕಮ್ಯುನಿಸ್ಟ್ ಈ ಭಾರತೀಯರು. ಕಾರಣವೇನು? ಲಂಡನ್ನಿನ ಕೇಂದ್ರ ಕಚೇರಿ ಏನು ನಿರ್ಣಯಿಸಿದರೂ ಬ್ಯಾಟರ್ಸಿಯ ಒಕ್ಕೂಟ ತನ್ನ ಉಮೇದುವಾರನನ್ನು ಬಿಟ್ಟುಕೊಡಲಿಲ್ಲ. ಅವರ ವಿರುದ್ಧ ಅಧಿಕೃತ ಲೇಬರ್ ಉಮೇದುವಾರ ನಿಲ್ಲಲಿಲ್ಲ. ಆರ್ಚರ್ ಅವರ ಮನೆಮನೆಯ ಪಟ್ಟಿ ಎಂದಿನಂತೆ ಕೆಲಸ ಮಾಡಿತು. ಸಕ್ಲಾತ್‌ವಾಲಾ ಅವರ ವಾಗ್ಮಿತೆ ಸಣ್ಣದಲ್ಲ. ಆದರೆ ಅವರ ಮನೆ ಇದ್ದುದು ನಗರದ ಇನ್ನೊಂದು ತುದಿಯ ಹೈಗೇಟ್‌ನಲ್ಲಿ. ಉತ್ತರ ಬ್ಯಾಟರ್ಸಿಯ ಪ್ರತಿಯೊಂದು ಬೀದಿಯಲ್ಲೂ ಅವರ ಪರವಾಗಿ ನೆಲಸಿದ್ದುದು ಆ ಒಕ್ಕೂಟ.

ಪಾರ್ಲಿಮೆಂಟಿನಲ್ಲಿ ಅವರು ಭಾರತದ ಮಾತನ್ನು ಬಿಡದೆ ಎತ್ತಿದರು. ಮುಂಬಯಿಯ ಗಿರಣಿ ಕೆಲಸಗಾರನಿಗೆ ಕೂಲಿ ಕಡಿಮೆಯಾದರೆ ಲ್ಯಾಂಕಷೈರಿನ ಕೆಲಸಗಾರನಿಗೂ ಅದರ ಪೆಟ್ಟು ತಪ್ಪದು ಎಂಬುದು ಅವರ ವಾದದ ತಿರುಳು. ಬ್ಯಾಟರ್ಸಿಯ ಜನಕ್ಕೆ ಭಾರತದ ಸ್ವಾತಂತ್ರ್ಯ ಪರರ ಚಿಂತೆಯಾಗಿ ಕಾಣದೆ ಹೋದುದು ಈ ವಾದದಿಂದ. ೧೯೨೫ರಲ್ಲಿ ಅಂತರ ಪಾರ್ಲಿಮೆಂಟರಿ ಸಮ್ಮೇಳನಕ್ಕೆ ಬ್ರಿಟಿಷ್ ನಿಯೋಗದೊಡನೆ ಹೊರಟಾಗ ಅಮೆರಿಕ ಸರ್ಕಾರ ಅವರಿಗೆ ಪ್ರವೇಶ ನಿರಾಕರಿಸಿತು. ೧೯೨೬ರ ಮೇ ದಿನದಂದು ಹೈಡ್ ಪಾರ್ಕಿನಲ್ಲಿ ಮಾಡಿದ ಭಾಷಣದಲ್ಲಿ, ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿಸಬಾರದೆಂದು ಸೈನಿಕರಿಗೆ ಹೇಳಿದರೆಂದು ಅವರನ್ನು ಬಂಧಿಸಿದರು. ಮುಂದೆ ಒಳ್ಳೆಯ ನಡತೆಯಿಂದಿರುವುದಾಗಿ ಜಾಮೀನು ಬರೆದುಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಅವರು ಬರೆದುಕೊಡಲಿಲ್ಲ, ಎರಡು ತಿಂಗಳು ವರ್ಮ್‌ವುಡ್ ಸ್ಕ್ರಬ್ಸ್ ಸೆರೆಮನೆಯಲ್ಲಿ ಕಳೆದರು. ೧೯೨೭ರ ಆರಂಭದಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿದರು. ಖಾದಿ, ಕಾರ್ಮಿಕ ಸಂಘಟನೆ ಇವುಗಳ ವಿಚಾರವಾಗಿ ಗಾಂಧೀಜಿಯವರೊಡನೆ ಬಹಿರಂಗವಾಗಿ ಪತ್ರಗಳ ಮೂಲಕ ವಾದಿಸಿದರು. ಇಬ್ಬರೂ ಪರಸ್ಪರ ಒಪ್ಪಲಿಲ್ಲ, ಗೌರವ ಕೆಡಿಸಿಕೊಳ್ಳಲೂ ಇಲ್ಲ. ಅವರು ಹಿಂದಿರುಗಿದ ಮೇಲೆ ಸರ್ಕಾರ ಅವರಿಗೆ ತಾಯ್ನಾಡಿನ ಬಾಗಿಲನ್ನೇ ಮುಚ್ಚಿತು. ಮತ್ತೆ ಅವರು ಭಾರತವನ್ನು ಕಾಣಲಿಲ್ಲ. ಅದೇ ವರ್ಷ ಮಕ್ಕಳಿಗೆ ಪಾರಸಿ ಸಂಪ್ರದಾಯದಂತೆ ನವಜೋತ್ ಸಂಸ್ಕಾರ ಮಾಡಿಸಿದುದಕ್ಕಾಗಿ ತಮ್ಮ ಪಕ್ಷದಿಂದಲೇ ಆಕ್ಷೇಪಣೆಗೆ ಗುರಿಯಾದರು. ಎರಡು ಕಡೆಯ ಶಿಸ್ತಿಗೂ ಪೂರ್ತಿ ಒಗ್ಗದ ಮನುಷ್ಯ.

ಇತ್ತ ಬ್ಯಾಟರ್ಸಿಯಲ್ಲಿ ಸೂರು ಬಿರುಕು ಬಿಡುತ್ತಿತ್ತು. ಕಮ್ಯುನಿಸ್ಟರು ಲೇಬರ್ ಪಕ್ಷದ ಸದಸ್ಯರೂ ಆಗಿರಬಾರದೆಂದು ಕೇಂದ್ರ ಕಚೇರಿ ಆಜ್ಞೆ ಮಾಡಿತು. ಬ್ಯಾಟರ್ಸಿಯ ಒಕ್ಕೂಟ ಅದನ್ನು ಪಾಲಿಸಲು ಒಪ್ಪಲಿಲ್ಲ. ೧೯೨೬ರಲ್ಲಿ ಆ ಒಕ್ಕೂಟವನ್ನೇ ಪಕ್ಷದಿಂದ ಹೊರಹಾಕಿ, ಹೊಸದೊಂದು ಅಧಿಕೃತ ಶಾಖೆಯನ್ನು ಸ್ಥಾಪಿಸಲಾಯಿತು. ಪ್ರತಿಯೊಬ್ಬನೂ ಈ ಕಡೆಯೋ ಆ ಕಡೆಯೋ ಎಂದು ಹೇಳಲೇಬೇಕಾಯಿತು. ಆರ್ಚರ್ ಹೊಸ ಶಾಖೆಯ ಕಡೆಗೆ ಹೋದರು. ಅವರನ್ನು ದ್ರೋಹಿ ಎಂದು ಬರೆದವರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಪುರಸಭೆಯಲ್ಲಿ ಮನೆ ಕಟ್ಟಿಸುವ, ದೀಪ ಹಾಕಿಸುವ, ನಿರುದ್ಯೋಗಿಗೆ ಕೆಲಸ ಕೊಡಿಸುವ ರಾಜಕೀಯದಲ್ಲಿ ಇಪ್ಪತ್ತು ವರ್ಷ ಕಳೆದವರು ಅವರು. ದೊಡ್ಡ ಪಕ್ಷವೊಂದರ ಆಸರೆಯಿಲ್ಲದೆ ಆ ಕೆಲಸ ನಡೆಯದೆಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ತಪ್ಪು ಒಂದೇ ಕಡೆ ಇರಲೂ ಇಲ್ಲ. ೧೯೨೮-೨೯ರ ಹೊತ್ತಿಗೆ ಮಾಸ್ಕೋದ ಸೂಚನೆಯಂತೆ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷವೂ ಲೇಬರ್ ಪಕ್ಷವನ್ನು ಶತ್ರುವೆಂದೇ ಸಾರಿತು. ಜಗಳವಾಡಿಕೊಂಡು ಕೂಡಿ ಬಾಳುವುದಕ್ಕೆ ಮೇಲಿನವರು ಇಬ್ಬರೂ ಅವಕಾಶವುಳಿಸಲಿಲ್ಲ.

೧೯೨೯ರ ಮೇ ಚುನಾವಣೆಯಲ್ಲಿ ಲೇಬರ್ ಪಕ್ಷ ಸ್ಟೀಫನ್ ಸ್ಯಾಂಡರ್ಸ್ ಅವರನ್ನು ನಿಲ್ಲಿಸಿತು. ಹಿಂದೆ ಫೇಬಿಯನ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು; ತಾರುಣ್ಯದಲ್ಲಿ ಬರ್ನ್ಸ್ ಅವರೊಡನೆ ಇದೇ ಬ್ಯಾಟರ್ಸಿಯಲ್ಲಿ ದುಡಿದವರು. ಅವರ ಚುನಾವಣಾ ಏಜೆಂಟ್ ಯಾರು? ಜಾನ್ ಆರ್ಚರ್. ಸಕ್ಲಾತ್‌ವಾಲಾ ಅವರನ್ನು ಎರಡು ಸಲ ಗೆಲ್ಲಿಸಿದ ಕೈಯೇ ಈಗ ಅವರ ವಿರುದ್ಧ ಪಟ್ಟಿ ಹಿಡಿದಿತ್ತು. ಸ್ಯಾಂಡರ್ಸ್ ೧೩,೨೬೫, ಕನ್ಸರ್ವೇಟಿವ್ ಆರ್ಥರ್ ಮಾರ್ಸ್‌ಡೆನ್ ೧೦,೮೩೩, ಸಕ್ಲಾತ್‌ವಾಲಾ ೬,೫೫೪, ಲಿಬರಲ್ ೪,೫೧೩.

ಐದು ವರ್ಷದ ಹಿಂದೆ ಹದಿನೈದು ಸಾವಿರ, ಈಗ ಆರೂವರೆ ಸಾವಿರ. ಇಪ್ಪತ್ತೊಂದು ತುಂಬಿದ ಹೆಂಗಸರೆಲ್ಲರಿಗೂ ಮತ ಬಂದು ಪಟ್ಟಿ ಉದ್ದವಾಗಿದ್ದುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಕಳೆದು ತೀರ್ಪು ಹೇಳುವುದು ಸರಿಯಲ್ಲ. ಆದರೂ ಸ್ಥೂಲವಾಗಿ ಒಂದು ಮಾತು ಹೇಳಬಹುದು. ೧೯೨೪ರ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಕ್ಕೂಟದ ಮತಗಳು. ಒಕ್ಕೂಟ ಎತ್ತ ಹೋಯಿತೋ ಅತ್ತ ಹೋದವು. ಉಳಿದ ಆರೂವರೆ ಸಾವಿರ ಮಾತ್ರ ಸಕ್ಲಾತ್‌ವಾಲಾ ಅವರ ಸ್ವಂತ ಗಳಿಕೆ. ಅಧಿಕೃತ ಪಕ್ಷ ಹೊರಹಾಕಿದ, ಸೆರೆಮನೆಗೆ ಹೋಗಿಬಂದ, ಪರದೇಶದಲ್ಲಿ ಹುಟ್ಟಿದ ಒಬ್ಬನಿಗೆ, ಗೆಲ್ಲಲಾರನೆಂದು ತಿಳಿದೂ ಬಿದ್ದ ಮತಗಳವು. ನನಗೆ ೧೯೨೪ರ ಗೆಲುವಿನ ಅಂಕಿಗಿಂತ ೧೯೨೯ರ ಈ ಸೋಲಿನ ಅಂಕಿಯೇ ದೊಡ್ಡದಾಗಿ ಕಾಣುತ್ತದೆ.

೧೯೩೧ರಲ್ಲಿ ಲೇಬರ್ ಪಕ್ಷ ದೇಶಾದ್ಯಂತ ಕುಸಿಯಿತು. ಉತ್ತರ ಬ್ಯಾಟರ್ಸಿಯೂ ಕನ್ಸರ್ವೇಟಿವರಿಗೆ ಹೋಯಿತು. ಗೆದ್ದವರು ಅದೇ ಮಾರ್ಸ್‌ಡೆನ್. ೧೯೧೬ರ ಜಟ್ಲೆಂಡ್ ನೌಕಾಯುದ್ಧದಲ್ಲಿ ಮುಳುಗಿದ ಆರ್ಡೆಂಟ್ ಹಡಗಿನ ಕಪ್ತಾನರಾಗಿದ್ದ ಅವರು, ಅದರಿಂದ ಬದುಕಿ ಬಂದ ಇಬ್ಬರಲ್ಲಿ ಒಬ್ಬರು. ಸಕ್ಲ್ಲಾತ್‌ವಾಲಾ ಅವರಿಗೆ ಈ ಸಲ ಬಂದುದು ೩,೦೨೧ ಮತ. ಬಿದ್ದ ಮತಗಳಲ್ಲಿ ಎಂಟನೆಯ ಒಂದು ಪಾಲು ಬಾರದೆ ಹೋದರೆ ಅಂದಿನ ನಿಯಮದಂತೆ ಠೇವಣಿ ನಷ್ಟ. ನಮ್ಮಲ್ಲಿ ಅದು ಆರನೆಯ ಒಂದು ಪಾಲು. ಅವರ ಠೇವಣಿ ಹೋಯಿತು. ಆರ್ಚರ್ ೧೯೩೨ರಲ್ಲಿ ತೀರಿಕೊಂಡರು, ಸಕ್ಲಾತ್‌ವಾಲಾ ೧೯೩೬ರ ಜನವರಿಯಲ್ಲಿ.

ಮುಂದಿನ ಅರ್ಧ ಶತಮಾನದ ಚುನಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. ೧೯೩೫ರಲ್ಲಿ ಸ್ಯಾಂಡರ್ಸ್ ಸ್ಥಾನವನ್ನು ಮರಳಿ ಪಡೆದರು. ೧೯೪೦ರಲ್ಲಿ ಅವರು ತೆರವು ಮಾಡಿದಾಗ ಯುದ್ಧಕಾಲದ ಒಪ್ಪಂದದಂತೆ ದೊಡ್ಡ ಪಕ್ಷಗಳು ಪರಸ್ಪರ ಸ್ಪರ್ಧಿಸಲಿಲ್ಲ. ಲೇಬರ್ ಪಕ್ಷದ ಫ್ರಾನ್ಸಿಸ್ ಡಗ್ಲಸ್ ಬಂದರು. ಅವರು ೧೯೪೬ರಲ್ಲಿ ಮಾಲ್ಟಾದ ಗವರ್ನರಾಗಿ ಹೋದರು. ಆಗ ನಡೆದ ಉಪಚುನಾವಣೆಯಲ್ಲಿ ಗೆದ್ದ ಡಗ್ಲಸ್ ಜೇ ಕ್ಷೇತ್ರ ಅಳಿಯುವವರೆಗೂ, ಮೂವತ್ತೇಳು ವರ್ಷ, ಅಲ್ಲಿಯೇ ಇದ್ದರು. ಆಕ್ಸ್‌ಫರ್ಡಿನಲ್ಲಿ ಓದಿದ ಅರ್ಥಶಾಸ್ತ್ರಜ್ಞರು. ೧೯೬೪ರಿಂದ ೧೯೬೭ರವರೆಗೆ ವಾಣಿಜ್ಯ ಮಂತ್ರಿಗಳಾಗಿದ್ದವರು. ಯುರೋಪಿನ ಸಾಮಾನ್ಯ ಮಾರುಕಟ್ಟೆಗೆ ಬ್ರಿಟನ್ ಸೇರಬಾರದೆಂದು ಕೊನೆಯವರೆಗೆ ಹಟ ಹಿಡಿದವರು. ಅವರ ಕಾಲದಲ್ಲಿ ಲೇಬರ್ ಚಿಹ್ನೆ ಹಿಡಿದವನು ಗೆಲ್ಲುವುದು ಇಲ್ಲಿ ಮೊದಲೇ ಗೊತ್ತಿರುವ ವಿಷಯವಾಯಿತು. ಗೊತ್ತಿರುವ ಫಲಿತಾಂಶಕ್ಕಾಗಿ ಮನೆಮನೆಯ ಪಟ್ಟಿ ಹಿಡಿದು ತಿರುಗುವ ಉತ್ಸಾಹ ಯಾರಿಗೂ ಹೆಚ್ಚು ಕಾಲ ಉಳಿಯದು.

ಬದಲಾಗುತ್ತಿದ್ದುದು ಮತವಲ್ಲ, ಊರು. ಸಕ್ಲಾತ್‌ವಾಲಾ ಸೋತ ೧೯೨೯ರಲ್ಲಿ ನದಿಯ ದಂಡೆಯ ಮೇಲೆ ಬ್ಯಾಟರ್ಸಿಯ ಪ್ರಸಿದ್ಧ ವಿದ್ಯುತ್ ಸ್ಥಾವರದ ಕೆಲಸ ಆರಂಭವಾಗಿತ್ತು. ೧೯೩೩ರಲ್ಲಿ ಅದು ವಿದ್ಯುತ್ತು ಕೊಡತೊಡಗಿತು. ಯುದ್ಧದ ಬಾಂಬುಗಳು ಸಾಲುಮನೆಗಳನ್ನು ಕೆಡವಿದವು. ಉಳಿದುದನ್ನು ಪುರಸಭೆ ಕೆಡವಿ ಎತ್ತರದ ವಸತಿಗಳನ್ನು ಕಟ್ಟಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಹೋದ ಕಡೆಗೆ ಜನವೂ ಹೋದರು. ಒಳಲಂಡನ್ನಿನ ಜನಸಂಖ್ಯೆ ಇಳಿದಂತೆ ಅದಕ್ಕೆ ಹಿಂದಿನಷ್ಟು ಸ್ಥಾನಗಳನ್ನು ಕೊಡಲು ಕಾರಣವುಳಿಯಲಿಲ್ಲ. ಕ್ಷೇತ್ರಗಳ ಗಡಿಯನ್ನು ಆಗಾಗ ಪರಿಶೀಲಿಸಲು ೧೯೪೪ರಿಂದಲೇ ಅಲ್ಲಿ ಶಾಶ್ವತ ಆಯೋಗಗಳಿವೆ. ಆ ಪರಿಶೀಲನೆಯ ಫಲವಾಗಿ ೧೯೮೩ರಲ್ಲಿ ಉತ್ತರ ಬ್ಯಾಟರ್ಸಿಯೂ ದಕ್ಷಿಣ ಬ್ಯಾಟರ್ಸಿಯ ಬಹುಭಾಗವೂ ಸೇರಿ ಬ್ಯಾಟರ್ಸಿ ಎಂಬ ಒಂದೇ ಕ್ಷೇತ್ರವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿದ್ಯುತ್ ಸ್ಥಾವರವೂ ನಿಂತಿತು. ಸುಮಾರು ನಲವತ್ತು ವರ್ಷ ಹಾಳುಬಿದ್ದಿದ್ದು, ೨೦೨೨ರಲ್ಲಿ ಅಂಗಡಿಗಳ, ದುಬಾರಿ ಮನೆಗಳ ಸಂಕೀರ್ಣವಾಗಿ ಅದು ಬಾಗಿಲು ತೆರೆಯಿತು. ಡೆಸ್ಪಾರ್ಡ್ ಅವರು ಬಡಮಕ್ಕಳಿಗೆ ಔಷಧ ಕೊಡುತ್ತಿದ್ದ ನೈನ್ ಎಲ್ಮ್ಸ್‌ನಲ್ಲಿ ೨೦೧೮ರಲ್ಲಿ ಅಮೆರಿಕದ ರಾಯಭಾರ ಕಚೇರಿ ಬಂದು ನೆಲಸಿತು. ಇಲ್ಲಿಯ ಪ್ರತಿನಿಧಿಯನ್ನು ೧೯೨೫ರಲ್ಲಿ ತನ್ನ ನೆಲಕ್ಕೆ ಕಾಲಿಡಗೊಡದ ಅದೇ ಅಮೆರಿಕ.

ಹೊಸ ಬ್ಯಾಟರ್ಸಿ ಕ್ಷೇತ್ರದ ಮೊದಲ ಸದಸ್ಯರು ಆಲ್ಫ್ ಡಬ್ಸ್. ೧೯೩೯ರಲ್ಲಿ ನಾಜಿಗಳಿಂದ ತಪ್ಪಿಸಿ ಪ್ರಾಗ್ ನಗರದಿಂದ ಇಂಗ್ಲೆಂಡಿಗೆ ರೈಲಿನಲ್ಲಿ ಸಾಗಿಸಿದ ಮಕ್ಕಳಲ್ಲಿ ಒಬ್ಬರು ಅವರು. ಜೂಬೆರ್ ಬೀದಿಯ ಊರಿಗೆ ತಕ್ಕ ಪ್ರತಿನಿಧಿ ಎಂದೇ ತೋರುತ್ತದೆ. ಆದರೆ ೧೯೮೭ರಲ್ಲಿ ಅವರು ಸೋತು ಕ್ಷೇತ್ರ ಕನ್ಸರ್ವೇಟಿವರಿಗೆ ಹೋಯಿತು. ಮುಂದೆ ೧೯೯೭ರಲ್ಲಿ ಲೇಬರ್, ೨೦೧೦ರಲ್ಲಿ ಕನ್ಸರ್ವೇಟಿವ್, ೨೦೧೭ರಲ್ಲಿ ಮತ್ತೆ ಲೇಬರ್ ಎಂದು ಅದು ಕೈ ಬದಲಾಯಿಸುತ್ತ ಬಂದಿತು. ಡಬ್ಸ್ ಸೋತ ಆ ೧೯೮೭ರ ಚುನಾವಣೆಯಲ್ಲೇ ಪೂರ್ವ ಲೆಸ್ಟರಿನಿಂದ, ಗೋವೆಯ ಮನೆತನದ ಕೀತ್ ವಾಜ್ ಗೆದ್ದರು. ಉತ್ತರ ಬ್ಯಾಟರ್ಸಿಯವರು ಸಕ್ಲಾತ್‌ವಾಲಾ ಅವರನ್ನು ಕೈಬಿಟ್ಟು ಆಗ ಐವತ್ತೆಂಟು ವರ್ಷಗಳಾಗಿದ್ದುವು.